ಮುಖಕ್ಕೆ ಹಾರುವ ಹೇಂಟೆ

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇಂಗ್ಲಿಷಿನಲ್ಲಿ ‘ಫ್ಲೈ ಇನ್ ದ ಫೇಸ್ ಆಫ್’ ಎಂಬ ನುಡಿಗಟ್ಟಿದೆ. ಪತ್ರಿಕೆಯವರು, ವಕೀಲರು ಇದನ್ನು ಬಹಳ ಬಳಸುತ್ತಾರೆ. ಎಲ್ಲರೂ ಒಪ್ಪಿಕೊಂಡು ಬಂದ ಕಟ್ಟಳೆಗೆ, ತಿಳುವಳಿಕೆಗೆ ನೇರವಾಗಿ ಎದುರು ನಿಲ್ಲುವುದು ಎಂದು ಅರ್ಥ. ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ‘ಮುಖಕ್ಕೆ ಹಾರುವುದು’. ಯಾರು, ಯಾರ ಮುಖಕ್ಕೆ? ಮೇಲೆರಗಲು ಬಂದ ನಾಯಿಯ ಮುಖಕ್ಕೆ ಹಾರುವ ಹೇಂಟೆಯಿಂದ ಈ ಮಾತು ಹುಟ್ಟಿತೆನ್ನುತ್ತಾರೆ. ಮರಿಗಳಿರುವ ಹೇಂಟೆಯ ಹತ್ತಿರ ನಾಯಿ ಸುಳಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ಅಂಗಳದಲ್ಲೇ ನೋಡಿದ್ದೀರಿ.

ಎದುರು ನಿಲ್ಲುವುದಕ್ಕೆ ನಮ್ಮಲ್ಲಿ ಇರುವ ಮಾತುಗಳನ್ನು ನೋಡಿ. ಸೆಡ್ಡು ಹೊಡೆಯುವುದು, ತೊಡೆ ತಟ್ಟುವುದು, ಮೀಸೆ ತಿರುವುವುದು. ಎಲ್ಲವೂ ಗರಡಿ ಮನೆಯ ಮಾತುಗಳು, ಗಂಡಸಿನ ಮೈಯ ಮಾತುಗಳು. ಅದನ್ನೇ ಹೆಂಗಸು ಮಾಡಿದರೆ ಅವಳು ಗಂಡುಬೀರಿ, ಬಜಾರಿ, ಎದುರುತ್ತರ ಕೊಡುವವಳು. ಪರಭಾಷೆಯ ಈ ಹೇಂಟೆ ನನಗೆ ಹಿಡಿಸುವುದು ಅದಕ್ಕೇ. ಅದು ಪೌರುಷ ತೋರಿಸಲು ಹಾರುವುದಿಲ್ಲ. ಹಿಂದೆ ಮರಿಗಳಿವೆ, ಓಡಲು ಜಾಗವಿಲ್ಲ, ಹಾರುತ್ತದೆ.

ಆದರೂ ಈ ನುಡಿಗಟ್ಟಿನಲ್ಲಿ ಒಂದು ಮೋಸವಿದೆ. ಹೇಂಟೆ ಹಾರಿದ್ದು ಮಾತಿನಲ್ಲಿ ಉಳಿಯಿತು, ನಾಯಿ ಬಂದದ್ದು ಮರೆತುಹೋಯಿತು. ‘ವರದಕ್ಷಿಣೆ ಕೊಡುವುದಿಲ್ಲ ಎಂದ ಹುಡುಗಿ ಸಂಪ್ರದಾಯದ ಮುಖಕ್ಕೆ ಹಾರಿದಳು’ ಎಂದು ಬರೆದರೆ, ವರದಕ್ಷಿಣೆ ನಮ್ಮ ಸಂಪ್ರದಾಯ ಎಂದು ಒಪ್ಪಿಕೊಂಡ ಹಾಗಾಯಿತು. ಯಾರ ಸಂಪ್ರದಾಯ? ತುಳುನಾಡಿನ ಬಂಟರು, ಬಿಲ್ಲವರು ಮೊದಲಾದ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟಿನಂತೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. (ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ಅದನ್ನು ಸ್ವರ್ಗವೆಂದು ನಾನು ಹೊಗಳುವುದಿಲ್ಲ.) ಕರ್ನಾಟಕದ ಇನ್ನೆಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಅಂಥ ಮನೆಗಳಿಗೆ ಕಾರು, ಚಿನ್ನ, ನಗದಿನ ಪಟ್ಟಿ ಬಂದದ್ದು ತೀರ ಈಚೆಗೆ. ಕಟ್ಟಳೆ ಮುರಿದದ್ದು ಹುಡುಗಿಯಲ್ಲ, ಆ ಪಟ್ಟಿ. 1961ರಿಂದ ಅದು ಕಾನೂನನ್ನೂ ಮುರಿಯುತ್ತ ಬಂದಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲದ್ದೇ ಈ ಪಿಡುಗಿಗೆ ಕಾರಣವಾಯಿತೆಂದು ನಮ್ಮ ರಾಜ್ಯ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿಯ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ.

ಪುತ್ತೂರಿನದೇ ಒಂದು ಮಾತು. 1936ರಲ್ಲಿ ಶಿವರಾಮ ಕಾರಂತರು ಜಾತಿ ಮೀರಿ ಮದುವೆಯಾದರು ಎಂದು ಎಲ್ಲರೂ ಹೇಳುತ್ತಾರೆ. ಲೀಲಾ ಆಳ್ವರೂ ಅಂದೇ ಜಾತಿ ಮೀರಿದರು ಎನ್ನುವವರು ಕಡಿಮೆ! ಇನ್ನು ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್. ತಲಾಖಿಗೆ ಸಿಕ್ಕಿದ ಹೆಣ್ಣಿನ ಪಾಡನ್ನು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಬರೆದರು. 1985ರಲ್ಲಿ ಇದೇ ಪುತ್ತೂರಿನ ಸಾಹಿತ್ಯ ಸಭೆಗೆ ಬಂದಾಗ ಸಂಪ್ರದಾಯವಾದಿಗಳು ಅವರ ಮೇಲೆ ಎರಗಲು ನೋಡಿದರು. ಇಲ್ಲಿ ಯಾರು ಯಾರ ಮುಖಕ್ಕೆ ಹಾರಿದರು, ನೀವೇ ಹೇಳಿ. ಸಾರಾ ಬರೆಯುವುದನ್ನು ಬಿಡಲಿಲ್ಲ. 2023ರಲ್ಲಿ ತೀರಿಕೊಂಡರು.

ನಮ್ಮ ಮನೆಗಳಲ್ಲಿ ಎಲ್ಲರೂ ಒಪ್ಪಿರುವ ತಿಳುವಳಿಕೆ ಇನ್ನೊಂದಿದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಪಕ್ಕದ ಮನೆಯಲ್ಲಿ ಏಟಿನ ಸದ್ದು ಕೇಳಿದರೂ ನಾವು ಬಾಗಿಲು ಹಾಕಿಕೊಳ್ಳುವುದು ಈ ಗಾದೆಯ ಬಲದಿಂದ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರದಿಂದ ಜಾರಿಯಲ್ಲಿದೆ. ಅದರ 4ನೇ ಕಲಮು ಏನು ಹೇಳುತ್ತದೆ ಗೊತ್ತೆ? ಹೊಡೆತ ತಿಂದವಳೇ ಹೋಗಬೇಕೆಂದಿಲ್ಲ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. 181ಕ್ಕೆ ಫೋನು ಮಾಡಿಯೂ ನೆರವು ಕೇಳಬಹುದು. ಕೇಸು ಹಾಕಿದಳೆಂದು ಗಂಡನ ಮನೆಯವರು ಅವಳನ್ನು ಹೊರಗೆ ದಬ್ಬುವಂತಿಲ್ಲ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ.

ವರದಕ್ಷಿಣೆ ಕೊಟ್ಟದ್ದೂ ಅಪರಾಧ, ದೂರು ಕೊಟ್ಟರೆ ನಾವೇ ಸಿಕ್ಕಿಬೀಳುತ್ತೇವೆ ಎಂದು ತಾಯಂದಿರು ಹೆದರುತ್ತಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಮೊಕದ್ದಮೆ ಹೂಡಬಾರದೆಂದು ಅದೇ ಕಾಯ್ದೆಯ 7ನೇ ಕಲಮಿನಲ್ಲಿದೆ. ಇದನ್ನು ಬರೆದುಕೊಳ್ಳಿ.

ಕೊನೆಗೆ ಒಂದು ಕಹಿ ಮಾತು. ಬೀಡಿ ಕಟ್ಟಿ, ಅಡಿಕೆ ಸುಲಿದು, ವಾರ ವಾರ ಕಟ್ಟಿದ ಉಳಿತಾಯ ನಮ್ಮದು. ಅದರಿಂದ ‘ಮದುವೆ ಖರ್ಚು’ ಎಂದು ಬರೆದು ಕೊಡುವ ಸಾಲ ಎಲ್ಲಿಗೆ ಹೋಗುತ್ತದೆ? ಊಟಕ್ಕೆಷ್ಟು, ಶಾಮಿಯಾನಕ್ಕೆಷ್ಟು, ವರನ ಕೈಗೆಷ್ಟು? ಕೇಳಿದರೆ ಗುಂಪಿನ ಒಗ್ಗಟ್ಟು ಮುರಿಯುತ್ತದೆ ಎನ್ನುತ್ತಾರೆ. ಊಟವಾದ ಮೇಲೆ ನಿಮ್ಮ ನಿಮ್ಮ ಗುಂಪಿನ ಸಾಲದ ಪುಸ್ತಕ ತೆಗೆದುಕೊಂಡು ಕುಳಿತುಕೊಳ್ಳಿ. ಆ ಕಲಮಿನಿಂದಲೇ ಚರ್ಚೆ ಶುರು ಮಾಡೋಣ.