ಹಾಲು ಮತ್ತು ಅಹಿಂಸೆ

ಆಹಾರದಲ್ಲಿ ಹಿಂಸೆಯ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತಟ್ಟೆ ನೋಡಿದಲ್ಲಿಗೆ ಮುಗಿದುಹೋಗುತ್ತದೆ. ಮಾಂಸವಿದ್ದರೆ ಹಿಂಸೆ, ಹಾಲು ಮೊಸರಿದ್ದರೆ ಅಹಿಂಸೆ. ಕವಿ ಜನ್ನನ ‘ಯಶೋಧರ ಚರಿತೆ’ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅರಸ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ರಕ್ತ ಹರಿಯದಿದ್ದರೂ ಕೊಲ್ಲುವ ಸಂಕಲ್ಪವೇ ಪಾಪವಾಗಿ ಅವನನ್ನೂ ತಾಯಿ ಚಂದ್ರಮತಿಯನ್ನೂ ಪ್ರಾಣಿಜನ್ಮಗಳಲ್ಲಿ ತೊಳಲಿಸುತ್ತದೆ. ನಮ್ಮ ಕಾಲದ ತೊಡಕು ಇದರ ತಿರುವುಮುರುವು. ಹಾಲು ಕುಡಿಯುವವರಲ್ಲಿ ಕೊಲ್ಲುವ ಸಂಕಲ್ಪ ಎಳ್ಳಷ್ಟೂ ಇಲ್ಲ, ಸಾವು ಮಾತ್ರ ನಡೆದೇ ಇದೆ.

ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಎತ್ತಿನ ಉಳುಮೆ ಇದ್ದಾಗ ಅದಕ್ಕೂ ಕೊಟ್ಟಿಗೆಯಲ್ಲಿ ಜಾಗವಿತ್ತು. ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಮಿಶ್ರತಳಿಯ ಹೋರಿಗರುವಿಗೆ ನೊಗ ನಿಲ್ಲುವಂಥ ಹಿಣಿಲೂ ಇಲ್ಲ, ನಮ್ಮ ಬಿಸಿಲೂ ಒಗ್ಗದು. ಹಿಂಡಿ, ಬೂಸಾ ದುಡ್ಡು ಕೊಟ್ಟು ತರುವ ರೈತ ಅದನ್ನು ಎಷ್ಟು ದಿನ ಸಾಕಿಯಾನು? ಹೊಟ್ಟೆತುಂಬ ಹಾಲಿಲ್ಲದೆ ಸೊರಗುತ್ತದೆ, ಇಲ್ಲವೇ ದಲ್ಲಾಳಿಯ ಕೈ ಸೇರುತ್ತದೆ. ಗೊಡ್ಡಾದ ಹಸುವಿನ ಪಾಡೂ ಅದೇ. ಹಾಲಿನ ಉತ್ಪಾದನೆಯಲ್ಲಿ ಭಾರತ ಜಗತ್ತಿಗೇ ಮೊದಲು. ಎಮ್ಮೆ ಮಾಂಸದ ರಫ್ತಿನಲ್ಲೂ ಮುಂಚೂಣಿಯಲ್ಲಿದೆ. ಇವೆರಡರ ಮೂಲ ಒಂದೇ ಕೊಟ್ಟಿಗೆ.

ಕಾನೂನು ತಡೆಯುತ್ತದಲ್ಲ ಎನ್ನಬಹುದು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಯಾವ ವಯಸ್ಸಿನ ಹಸು, ಕರು, ಎತ್ತನ್ನೂ ಕಡಿಯುವಂತಿಲ್ಲ. ಎಮ್ಮೆಗಾದರೆ 13 ವರ್ಷ ದಾಟಿರಬೇಕು. ಆದರೆ ಕಾಯ್ದೆಯಿಂದ ಮೇವು ಹುಟ್ಟುವುದಿಲ್ಲ. ಹಾಲು ನಮ್ಮ ಪಾಲಿಗೆ, ಗಂಡುಗರುವಿನ ಹೊರೆ ರೈತನ ಪಾಲಿಗೆ ಎಂದಾಗಿದೆ ಅಷ್ಟೆ. ಲಿಂಗ ವಿಂಗಡಿಸಿದ ವೀರ್ಯ ಬಳಸಿ ಹೆಣ್ಣುಗರುಗಳೇ ಹೆಚ್ಚು ಹುಟ್ಟುವಂತೆ ಮಾಡಬಹುದು, ನಿಜ. ಅವೂ ಒಂದು ದಿನ ಗೊಡ್ಡಾಗುತ್ತವೆ. ಇನ್ನು ಬೆಳೆ ತೆಗೆಯುವಾಗಲೂ ಇಲಿ, ಹುಳು ಸಾಯುವುದಿಲ್ಲವೇ ಎಂಬ ಪ್ರಶ್ನೆ. ಸಾಯುತ್ತವೆ. ಆದರೆ ಮಾಂಸಕ್ಕೂ ಬೆಳೆ ಬೇಕೇ ಬೇಕು. ಹುಲ್ಲು, ಹೊಟ್ಟು ತಿಂದು ಬದುಕುವ ನಾಟಿ ದನದ ಮಾತು ಬೇರೆ. ಫಾರಂ ಕೋಳಿ ತಿನ್ನುವ ಮೆಕ್ಕೆಜೋಳ, ಸೋಯಾ ಬೆಳೆಯುವುದೂ ಹೊಲದಲ್ಲೇ. ತಿಂದದ್ದರಲ್ಲಿ ಬಹುಪಾಲು ಅದರ ಜೀವ ಉಳಿಯುವುದಕ್ಕೇ ಖರ್ಚಾಗುತ್ತದೆ. ಕಾಳನ್ನು ನಾವೇ ತಿಂದರೆ ನೆಲವೂ ಕಡಿಮೆ ಸಾಕು, ಸಾವೂ ಕಡಿಮೆ.

ಹಾಗೆಂದು ಬಡವರ ಮಗುವಿನ ತಟ್ಟೆಯ ಮೊಟ್ಟೆಗೆ ಕೈಹಾಕುವ ಹಕ್ಕು ಯಾರಿಗೂ ಇಲ್ಲ. ಬಿ12 ಜೀವಸತ್ವ ಬರೀ ಸಸ್ಯಮೂಲದ ಆಹಾರದಿಂದ ಸಿಗುವುದಿಲ್ಲ. ಮಾತ್ರೆ ಕೊಳ್ಳಬಲ್ಲವರಿಗೂ ಶಾಲೆಯ ಬಿಸಿಯೂಟವನ್ನೇ ನೆಚ್ಚಿದ ಮಗುವಿಗೂ ಒಂದೇ ನೀತಿ ಎನ್ನುವುದು ಅನ್ಯಾಯ. ನಾನು ಹೇಳುತ್ತಿರುವುದು ಆಯ್ಕೆ ಇರುವವರಿಗೆ, ಅದರಲ್ಲೂ ಸಸ್ಯಾಹಾರದ ಹೆಮ್ಮೆಯಲ್ಲಿ ಮಾಂಸ ತಿನ್ನುವವರನ್ನು ಕೀಳಾಗಿ ಕಾಣುವವರಿಗೆ. ತುಪ್ಪ, ಪನೀರ್ ಕಡಿಮೆ ಮಾಡಿ. ಗಂಡುಗರು, ಗೊಡ್ಡು ಹಸುವನ್ನು ಸಾಕುವ ಖರ್ಚನ್ನೂ ಸೇರಿಸಿ ಹಾಲಿಗೆ ಬೆಲೆ ಕೊಡಿ. ಅಲ್ಲಿಯವರೆಗೆ ಪಕ್ಕದವರ ತಟ್ಟೆಯ ಮೇಲೆ ತೀರ್ಪು ಕೊಡಬೇಡಿ.