ಕಡಲಂಚಿನ ಕಾಲುದಾರಿ



ಮಳೆಯ ಕಾಡೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಆಗುಂಬೆಯ ಕಡೆಯ ಬಳ್ಳಿ, ಜಿಗಣೆ, ಬಿಡದ ಜಡಿಮಳೆ. ಆದರೆ ಚಳಿನಾಡುಗಳಲ್ಲಿಯೂ ಮಳೆಯ ಕಾಡುಗಳುಂಟು. ಕೆನಡಾ ದೇಶದ ಪಶ್ಚಿಮದಂಚಿನಲ್ಲಿ ಶಾಂತಸಾಗರಕ್ಕೆ ಎದೆಯೊಡ್ಡಿ ನಿಂತಿರುವ ವ್ಯಾಂಕೂವರ್ ದ್ವೀಪದಲ್ಲಿ ಅಂತಹ ಕಾಡನ್ನು ನೋಡುವ ಅವಕಾಶ ನಮಗೆ ಒದಗಿತು. ಪೆಸಿಫಿಕ್ ರಿಮ್ ಎಂಬ ಹೆಸರಿನ ಈ ರಾಷ್ಟ್ರೀಯ ಉದ್ಯಾನ ಏರ್ಪಟ್ಟುದು 1970ರಲ್ಲಿ. ಉದ್ದನೆಯ ಮರಳುತೀರ, ನೂರಕ್ಕೂ ಮೀರಿದ ಸಣ್ಣ ದ್ವೀಪಗಳ ಗುಂಪು, 75 ಕಿಲೋಮೀಟರಿನ ಕಾಲುದಾರಿ, ಹೀಗೆ ಇದಕ್ಕೆ ಮೂರು ಭಾಗಗಳು. ಇಂದು ನಾವು ಹೇಳಹೊರಟಿರುವುದು ಆ ಕಾಲುದಾರಿಯ ವಿಷಯ.

ಇಡೀ ದಾರಿಯನ್ನು ಸವೆಸಲು ಆರೇಳು ದಿನ ಬೇಕು. ಏಣಿಗಳನ್ನು ಹತ್ತಬೇಕು, ಹೊಳೆಗಳನ್ನು ದಾಟಬೇಕು. ಅಷ್ಟು ಕಸುವು ನಮ್ಮಲ್ಲಿರಲಿಲ್ಲ. ಪಚೀನಾ ಕೊಲ್ಲಿಯಿಂದ ಅದೇ ಹೆಸರಿನ ದೀಪಸ್ತಂಭದವರೆಗೆ, ಸುಮಾರು 10 ಕಿಲೋಮೀಟರು, ನಡೆದು ಹಿಂದಿರುಗಿದೆವು. ಅಷ್ಟರಿಂದಲೇ ತೃಪ್ತರಾದೆವು.

ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ ಬೀಳುವ ಸೀಮೆ ಅದು. ಕೆಂಪು ಸೀಡರ್, ಹೆಮ್ಲಾಕ್, ಸ್ಪ್ರೂಸ್ ಜಾತಿಯ ಮರಗಳು ತಲೆಯೆತ್ತಿದರೂ ತುದಿ ಕಾಣದಷ್ಟು ಎತ್ತರ. ಬುಡದಿಂದ ಕೊಂಬೆಯವರೆಗೆ ಹಸುರು ಪಾಚಿಯ ಹೊದಿಕೆ. ಬಿದ್ದ ಮರ ಅಲ್ಲಿ ವ್ಯರ್ಥವಲ್ಲ. ಅದರ ಬೆನ್ನಿನ ಮೇಲೆಯೇ ಸಸಿಗಳು ಸಾಲಾಗಿ ಮೊಳೆತು, ಅದು ಕರಗಿ ಮಣ್ಣಾಗುವವರೆಗೂ ಅದರ ಸಾರವನ್ನುಂಡು ಬೆಳೆಯುತ್ತವೆ. ಆ ನೆಲದ ಮೂಲನಿವಾಸಿಗಳಾದ ನೂ-ಚಾ-ನೂಲ್ತ್ ಜನ ಸೀಡರಿನ ದಿಮ್ಮಿಯಿಂದ ದೋಣಿ ಕೊರೆದರು, ಹಲಗೆಯಿಂದ ಮನೆ ಕಟ್ಟಿದರು, ತೊಗಟೆಯಿಂದ ಹಗ್ಗ, ಚಾಪೆ, ಉಡುಪುಗಳನ್ನು ನೆಯ್ದರು. ನಿಂತ ಮರದಿಂದ ತೊಗಟೆಯ ಪಟ್ಟಿಯೊಂದನ್ನು ಮಾತ್ರ ಸುಲಿದು, ಮರವನ್ನು ಬದುಕಲು ಬಿಡುವುದು ಅವರ ಕ್ರಮ.

ಕಾಡಿನ ಮೌನದೊಳಗೆ ಎಡೆಬಿಡದೆ ಕೇಳುವುದು ಕಡಲಿನ ಮೊರೆತ. ಈ ತೀರದಲ್ಲಿ ಒಡೆದ ಹಡಗುಗಳು ಹಲವು. 1906ರ ಜನವರಿ 22ರ ರಾತ್ರಿ ಸಾನ್ ಫ್ರಾನ್ಸಿಸ್ಕೋದಿಂದ ಬರುತ್ತಿದ್ದ ವೆಲೆನ್ಸಿಯಾ ಎಂಬ ಉಗಿಹಡಗು ಮಂಜಿನಲ್ಲಿ ದಾರಿ ತಪ್ಪಿ, ದೀಪಸ್ತಂಭ ಈಗಿರುವ ಸ್ಥಳದಿಂದ ಕೆಲವು ಮೈಲಿ ಆಚೆಗೆ ಬಂಡೆಗೆ ಬಡಿಯಿತು. ದಡವು ಕೂಗಳತೆಯಲ್ಲಿಯೇ ಇದ್ದಿತು. ಆದರೆ ಮುಂದೆ ಕಡಿದಾದ ಬಂಡೆ, ಅದರ ಮೇಲೆ ದಾರಿಯಿಲ್ಲದ ಕಾಡು, ಸುತ್ತಲೂ ಹುಚ್ಚೆದ್ದ ಅಲೆ. ನೆರವಿಗೆ ಬಂದ ಹಡಗುಗಳು ಹತ್ತಿರ ಸುಳಿಯಲಾರದೆ ಹೋದುವು. ನೂರಕ್ಕೂ ಹೆಚ್ಚು ಮಂದಿ ಮಡಿದರು. ಹೆಂಗಸರಲ್ಲಿ, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ದುರಂತದ ಬಳಿಕ ಸರ್ಕಾರ ಎಚ್ಚೆತ್ತಿತು. 1908ರಲ್ಲಿ ಪಚೀನಾದ ದೀಪ ಬೆಳಗಿತು. ತಂತಿಯ ಕಂಬಗಳ ಜಾಡನ್ನು ಹಿಡಿದು ಪ್ರಾಣರಕ್ಷಣೆಯ ದಾರಿಯೊಂದು ಸಿದ್ಧವಾಯಿತು. ಇಂದು ವಿಹಾರಿಗಳು ನಡೆಯುವುದು ಆ ದಾರಿಯಲ್ಲಿಯೇ.

ಆದರೆ ಈ ದಾರಿ ಆಗ ಹೊಸದಾಗಿ ಹುಟ್ಟಿದುದಲ್ಲ. ಮೂಲನಿವಾಸಿಗಳು ಊರಿಂದೂರಿಗೆ ಓಡಾಡುತ್ತಿದ್ದ ಹಳೆಯ ಜಾಡುಗಳು ಆ ಮೊದಲೇ ಇದ್ದುವು. ಅವರಿಗೂ ಒಂದು ಕಡಲಿನ ದುಃಖವಿದ್ದಿತು. ಒಂದು ರಾತ್ರಿ ನೆಲ ನಡುಗಿ, ಕಡಲು ಉಕ್ಕಿ, ಪಚೀನಾ ಕೊಲ್ಲಿಯ ಊರನ್ನು ಜನಸಹಿತ ಕೊಚ್ಚಿಕೊಂಡು ಹೋಯಿತೆಂದು ಅವರ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದರು. ಅದು ಕೇವಲ ಕಟ್ಟುಕಥೆಯಲ್ಲವೆಂದು 1990ರ ದಶಕದಲ್ಲಿ ಭೂವಿಜ್ಞಾನಿಗಳ ಶೋಧನೆಗಳಿಂದ ಖಚಿತಪಟ್ಟಿತು. ಸಾಗರದ ಆಚೆ ಜಪಾನಿನವರು ಬರೆದಿಟ್ಟಿದ್ದ ಅಲೆಯ ದಾಖಲೆಗಳಿಂದ ಭೂಕಂಪದ ದಿನವೂ ಗೊತ್ತಾಯಿತು: 1700ನೆಯ ಇಸವಿ ಜನವರಿ 26ರ ರಾತ್ರಿ.

ಒಂದು ದುಃಖಕ್ಕೆ ಎರಡೇ ವರ್ಷದಲ್ಲಿ ದೀಪಸ್ತಂಭ ಎದ್ದಿತು. ಇನ್ನೊಂದನ್ನು ನಿಜವೆಂದು ನಂಬಲು ಲೋಕಕ್ಕೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ದೀಪಸ್ತಂಭದ ಬಳಿ ಕುಳಿತು ಬುತ್ತಿ ಬಿಚ್ಚಿದಾಗ ನಮ್ಮನ್ನು ಕಾಡಿದುದು ಈ ಯೋಚನೆಯೇ.

ಈ ಉದ್ಯಾನದ ಅಧಿಕೃತ ನಾಮದಲ್ಲಿ ಇಂದಿಗೂ 'ಮೀಸಲು' ಎಂಬ ಪದವಿದೆ. ಈ ನೆಲದ ಮೇಲೆ ಮೂಲನಿವಾಸಿಗಳಿಗಿರುವ ಹಕ್ಕಿನ ಪ್ರಶ್ನೆ ಪೂರ್ಣವಾಗಿ ಇತ್ಯರ್ಥವಾಗಿಲ್ಲವೆಂಬುದೇ ಅದರ ಅರ್ಥ. ಅವರ ಮೂರು ಪಂಗಡಗಳ ಕಾವಲುಗಾರರು ಈಗ ಈ ದಾರಿಯನ್ನು ನೋಡಿಕೊಳ್ಳುತ್ತಾರೆ. ಬಿದ್ದ ಮೆಟ್ಟಿಲನ್ನು ಸರಿಪಡಿಸುತ್ತಾರೆ, ದಣಿದವರಿಗೆ ನೆರವಾಗುತ್ತಾರೆ.

ಸುಂದರವಾದ ಸ್ಥಳವನ್ನು ಕಂಡು ಮೆಚ್ಚುವುದು ಸುಲಭ. ಅಲ್ಲಿ ಯಾರು ಬದುಕಿದರು, ಯಾರು ಅಳಿದರು, ಯಾರ ಮಾತನ್ನು ಕೇಳದೆ ಬಿಟ್ಟೆವು ಎಂಬುದನ್ನು ತಿಳಿದು ನಡೆಯುವುದು ಅತಿಥಿಯ ಧರ್ಮ. ಹಿಂದಿರುಗುವಾಗ ದಾರಿಯ ಪಕ್ಕದಲ್ಲಿ ಹಳೆಯ ಸೀಡರ್ ಮರವೊಂದು ಕಂಡಿತು. ಎಂದೋ ಸುಲಿದ ತೊಗಟೆಯ ಗಾಯ ಅದರ ಮೈಮೇಲೆ ನೀಳವಾಗಿ ಉಳಿದಿದ್ದಿತು. ಮರ ಮಾತ್ರ ಹಸುರಾಗಿಯೇ ಇದ್ದಿತು.