ಆ ಒಂದು ಪ್ರಶ್ನೆ ಕೇಳುವ ಬಗೆ



ಬಸುರಿ ಹೆಂಗಸು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಒಂದು ಪ್ರಶ್ನೆ ಮಾತ್ರ ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ಬಂದರೂ ಹೀಗೆ ಬರುತ್ತದೆ: “ನೀವೇನೂ ಕುಡಿಯೋದಿಲ್ಲ ತಾನೇ?” ಹೀಗೆ ಕೇಳಿದರೆ ಕುಡಿಯುತ್ತೇನೆ ಎನ್ನುವ ಧೈರ್ಯ ಯಾರಿಗೆ ಬಂದೀತು? ಪಕ್ಕದಲ್ಲಿ ಅತ್ತೆ ಕೂತಿದ್ದರಂತೂ ಮುಗಿಯಿತು.

ನಮ್ಮ ಹೆಂಗಸರು ಕುಡಿಯುವುದಿಲ್ಲ ಎಂದುಕೊಳ್ಳುವುದೇ ತಪ್ಪು. ಕಾಫಿ ತೋಟದ ಲೈನ್‌ಮನೆಯಲ್ಲೂ ಉಂಟು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಉಂಟು.

ತಾಯಿ ಕುಡಿದದ್ದು ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತದೆ. ಅದನ್ನು ಅರಗಿಸುವ ಶಕ್ತಿ ಆ ಎಳೆಯ ಲಿವರಿಗೆ ಇರುವುದಿಲ್ಲ. 1968ರಲ್ಲಿ ಫ್ರಾನ್ಸಿನ ನಾಂತ್ ನಗರದ ವೈದ್ಯ ಪಾಲ್ ಲೆಮ್ವಾನ್ ಮತ್ತು ಸಂಗಡಿಗರು ಕುಡಿಯುವ ತಾಯಂದಿರಿಗೆ ಹುಟ್ಟಿದ 127 ಮಕ್ಕಳ ವಿವರ ಪ್ರಕಟಿಸಿದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರು ಇಂಥ ಮಕ್ಕಳಲ್ಲಿ ಕಾಣುವ ತೊಂದರೆಗೆ ಹೆಸರಿಟ್ಟರು. ಮುಖದಲ್ಲಿ ಗುರುತು ಕಾಣುವುದು ಕೆಲವೇ ಮಕ್ಕಳಲ್ಲಿ. ಉಳಿದವರಿಗೆ ಪಾಠ ನೆನಪಿರುವುದಿಲ್ಲ, ಒಂದು ಕಡೆ ಕೂರಲಾಗುವುದಿಲ್ಲ. ದಡ್ಡ, ಹಠಮಾರಿ ಎನ್ನಿಸಿಕೊಂಡು ಏಟು ತಿನ್ನುತ್ತಾ ಬೆಳೆಯುತ್ತಾರೆ. ಮಗುವಿನ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಬಿಯರ್, ವೈನ್, ಹೆಂಡ, ಬ್ರಾಂದಿ ಯಾವುದೇ ಆಗಲಿ, ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಲೆಕ್ಕ ಇಲ್ಲ.

ಪ್ರತಿ ಬಸುರಿಯನ್ನೂ ಪ್ರತಿ ತಪಾಸಣೆಯಲ್ಲೂ ಕುಡಿತದ ಬಗ್ಗೆ ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಹೇಗೆ ಕೇಳಬೇಕು? ಅತ್ತೆಯನ್ನು ಸ್ವಲ್ಪ ಹೊರಗೆ ಕೂರಿಸಿ, ಬಿಪಿ ಪಟ್ಟಿ ಬಿಚ್ಚುತ್ತಾ, “ನೋಡಮ್ಮಾ, ಇಲ್ಲಿಗೆ ಬರೋರನ್ನೆಲ್ಲಾ ಕೇಳ್ತೀನಿ. ಬಸುರಿ ಅಂತ ಗೊತ್ತಾಗೋಕೆ ಮುಂಚೆ ಬಿಯರೋ ಬ್ರಾಂದಿಯೋ ಯಾವಾಗಾದ್ರೂ ತಗೊಂಡಿದ್ಯಾ?” ಹೋದ ದಿನಗಳ ಮಾತು ಹೇಳುವುದು ಸುಲಭ. ಅವಳು ತಲೆ ತಗ್ಗಿಸಿ, “ಗೊತ್ತಿರಲಿಲ್ಲ ಸಿಸ್ಟರ್,” ಎಂದರೆ ದಯವಿಟ್ಟು ಬೈಯಬೇಡಿ. ಬೈಸಿಕೊಂಡವಳು ಮುಂದಿನ ತಿಂಗಳು ಬರುವುದಿಲ್ಲ. ಕಬ್ಬಿಣದ ಮಾತ್ರೆ, ಬಿಪಿ ತಪಾಸಣೆ ಎಲ್ಲವೂ ತಪ್ಪಿಹೋಗುತ್ತದೆ. “ಇವತ್ತು ಬಿಟ್ಟರೆ ಇವತ್ತಿನಿಂದಲೇ ಮಗುವಿಗೆ ಒಳ್ಳೇದು” ಎನ್ನಿ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ.

ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಎನ್ನುವವಳ ವಿಷಯ ಬೇರೆ. ಅಂಥವಳು ಮನೆಯಲ್ಲೇ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರ ನಿಗಾದಲ್ಲೇ ಬಿಡಿಸಬೇಕು. ಆಶಾ ಕಾರ್ಯಕರ್ತೆಯರೇ, ಬಸುರಿಯ ಜೊತೆಗೆ ಬಂದು ಹೊರಗೆ ಬೈಕಿನ ಹತ್ತಿರ ನಿಂತಿರುವ ಗಂಡನನ್ನೂ ಅವಳ ಒಪ್ಪಿಗೆ ಕೇಳಿ ಒಳಗೆ ಕರೆಯಿರಿ. ಸಂಜೆ ಬಾಟಲಿ ಮನೆಗೆ ಬರುವುದು ಎಷ್ಟೋ ಸಲ ಅವನ ಕೈಯಲ್ಲೇ.